ಇಸಿಎಂ ಹೋಯ್ತು ಎನ್ನುವ ಮೊದಲು

ಚೌತಿಗೆ ಎರಡು ದಿನ ಇರುವಾಗ ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಎಲ್ಲಿಯ ಗ್ಯಾರೇಜಿಗೆ ಹೋದರೂ ಫೋನಿನಲ್ಲಿ ಒಂದೇ ಮಾತು: "ಹ್ವಾಯ್, ಗಾಡಿ ಸ್ಟಾರ್ಟೇ ಆತಿಲ್ಲೆ. ಒಂಚೂರ್ ಬಂದ್ ಕಾಣಿ ಮಾರಾಯ್ರೆ." ಬೆಂಗಳೂರು, ಮುಂಬೈಗಳಲ್ಲಿ ಹೊಟೇಲು ನಡೆಸುವವರು ಹಬ್ಬಕ್ಕೆ ಬಸ್ಸು, ರೈಲು ಹತ್ತಿ ಊರಿಗೆ ಬಂದಿರುತ್ತಾರೆ. ಊರಮನೆಯ ಕಾರು ಜೂನ್ ತಿಂಗಳಿನಿಂದ ಶೆಡ್ಡಿನಲ್ಲೇ ನಿಂತಿರುತ್ತದೆ. ಬ್ಯಾಟರಿ ಪೂರ್ತಿ ಇಳಿದಿದೆ. ಪಕ್ಕದ ಮನೆಯವರ ಗಾಡಿ ತಂದು ನಿಲ್ಲಿಸಿ ಜಂಪ್ ಕೊಡುತ್ತಾರೆ. ಅವಸರದಲ್ಲಿ ಕೆಂಪು ವೈರು ಕಪ್ಪಿಗೆ, ಕಪ್ಪು ಕೆಂಪಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಕಿಡಿ, ಒಂದು ವಾಸನೆ. ಆಮೇಲೆ ಗ್ಯಾರೇಜಿನಿಂದ ಬರುವ ತೀರ್ಪು: "ಇಸಿಎಂ ಹೋಯ್ತ್."

ಆ ಮೂರು ಅಕ್ಷರ ಕೇಳಿದರೆ ಕಾರಿನ ಯಜಮಾನನ ಎದೆ ಧಸಕ್ಕೆನ್ನುತ್ತದೆ. ಹೊಸ ಇಸಿಎಂ ಎಂದರೆ ಹತ್ತಾರು ಸಾವಿರ ರೂಪಾಯಿಯ ಮಾತು. ಅದಕ್ಕೇ ಈ ಲೇಖನ. ಇಸಿಎಂ ನಿಜವಾಗಿ ಸತ್ತಿದೆಯೇ ಎಂದು ಹೇಗೆ ತಿಳಿಯುವುದು, ಸತ್ತಿದ್ದರೆ ಅದನ್ನು ಹಾನಿಯಿಲ್ಲದೆ ಹೇಗೆ ಬಿಚ್ಚುವುದು, ಬೇರೆಯದನ್ನು ಹೇಗೆ ಕೂರಿಸುವುದು, ಯಾವ ಕೆಲಸವನ್ನು ನಾವು ಮುಟ್ಟಲೇಬಾರದು, ಇವಿಷ್ಟನ್ನು ಇಲ್ಲಿ ಬರೆಯುತ್ತೇನೆ. ನಾನು ನೋಡಿದ ಮಟ್ಟಿಗೆ, ಇಸಿಎಂ ಎಂದು ಬೆರಳು ತೋರಿಸಿದ ಕಡೆ ಬಹಳ ಸಲ ತಪ್ಪು ಅದರದ್ದಾಗಿರುವುದಿಲ್ಲ.

ಇಸಿಎಂ ಎಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್. ಕೆಲವರು ಇಸಿಯು ಎನ್ನುತ್ತಾರೆ, ಗ್ಯಾರೇಜಿನಲ್ಲಿ 'ಕಂಪ್ಯೂಟರ್' ಎಂದರೂ ನಡೆಯುತ್ತದೆ. ಅಂಗೈಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿ, ಅದಕ್ಕೆ ಒಂದೋ ಎರಡೋ ದಪ್ಪ ಕನೆಕ್ಟರ್. ಕ್ರ್ಯಾಂಕ್ ಎಷ್ಟು ಸುತ್ತಿತು, ಒಳಗೆ ಗಾಳಿ ಎಷ್ಟು ಬಂತು, ನೀರು ಎಷ್ಟು ಬಿಸಿಯಾಗಿದೆ, ಕಾಲು ಎಷ್ಟು ಒತ್ತಿದೆ ಎಂಬುದನ್ನೆಲ್ಲ ಸೆನ್ಸರ್‌ಗಳಿಂದ ಕೇಳಿಕೊಂಡು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆಯಬೇಕೆಂದು ಹೇಳುವುದು ಇದರ ಕೆಲಸ. 2000ದ ಸುಮಾರಿಗೆ ಮಾರುತಿ 800ಕ್ಕೂ ಇಂಜೆಕ್ಟರ್ ಬಳಸುವ ಎಂಪಿಎಫ್‌ಐ ಬಂದು ಕಾರ್ಬುರೇಟರ್‌ನ ಕಾಲ ಮುಗಿಯತೊಡಗಿತು. 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6. ಹೊಗೆಯ ನಿಯಮ ಬಿಗಿಯಾದ ಹಾಗೆಲ್ಲ ಈ ಡಬ್ಬಿಯ ಹೊರೆಯೂ ಹೆಚ್ಚಿತು.

ಕರಾವಳಿಯಲ್ಲಿ ಇದಕ್ಕೆ ಶತ್ರುಗಳು ಹೆಚ್ಚು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಕಡಲು ಉಕ್ಕುವ ದಿನಗಳಲ್ಲಿ ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದು ಬಂದರೆ ಗಾಜಿನ ಮೇಲೆ ಉಪ್ಪಿನ ಪದರ ಕೈಗೆ ಸಿಗುತ್ತದೆ. ಅದೇ ಉಪ್ಪು ಬಾನೆಟ್ಟಿನ ಒಳಗೂ ಹೋಗುತ್ತದೆ. ಅರ್ತಿಂಗ್ ವೈರು ಬಾಡಿಗೆ ಸೇರುವ ಬೋಲ್ಟಿನ ಅಡಿ ಮೆಲ್ಲಗೆ ತುಕ್ಕು ಹಿಡಿಯುತ್ತದೆ, ಕನೆಕ್ಟರಿನ ತಾಮ್ರದ ಪಿನ್ನಿಗೆ ಹಸಿರು ಕಿಲುಬು ಬರುತ್ತದೆ. ಇದರ ಮೇಲೆ ಇಲಿ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ, ಸವೆಸಲು ಅದಕ್ಕೆ ಏನಾದರೂ ಕಡಿಯಲೇಬೇಕು. ಹುಲ್ಲುಕುತ್ರೆಯ ಪಕ್ಕದ ಶೆಡ್ಡಿನಲ್ಲಿ ಮೂರು ತಿಂಗಳು ಅಲುಗಾಡದೆ ನಿಂತ ಕಾರು ಅದಕ್ಕೆ ಬೆಚ್ಚಗಿನ ಮನೆ.

ನಿಜಕ್ಕೂ ಸತ್ತಿದೆಯೇ?

ನಮ್ಮ ಮನೆಯ ಕಾರಿನ ಸಂಗತಿಯನ್ನೇ ಹೇಳುತ್ತೇನೆ. ಒಂದು ಮಳೆಗಾಲದ ಕೊನೆಯಲ್ಲಿ ಸ್ಟಾರ್ಟ್ ಆಗಲಿಲ್ಲ. ತಂದು ತೋರಿಸಿದ ಕಡೆ ಹತ್ತು ನಿಮಿಷ ನೋಡಿ, ಇಸಿಎಂ ಹೋಗಿದೆ, ಬದಲಿಸಬೇಕು, ಮುಂಗಡ ಕೊಡಿ ಎಂದರು. ಮನಸ್ಸು ಒಪ್ಪಲಿಲ್ಲ. ಬೇರೆ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಬಂದು ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಮಾತಾಡದೆ ಹುಡುಕಿದರು. ಬ್ಯಾಟರಿ ಟ್ರೇಯ ಅಡಿಯಲ್ಲಿ ಒಂದು ಅರ್ತಿಂಗ್ ಬೋಲ್ಟ್ ತುಕ್ಕು ತಿಂದು ಸಡಿಲವಾಗಿತ್ತು. ಉಜ್ಜಿ, ಬಿಗಿ ಮಾಡಿ, ಗ್ರೀಸ್ ಹಚ್ಚಿದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ದಿನದಿಂದ ನನಗೆ ಇಸಿಎಂಗಿಂತ ಮೊದಲು ಅರ್ತಿಂಗ್ ನೆನಪಾಗುತ್ತದೆ.

ಅವರು ಮಾಡಿದ್ದನ್ನೇ ನೀವೂ ಮಾಡಿ, ಅಥವಾ ಮಾಡಿಸಿ. ಮೊದಲು ಬ್ಯಾಟರಿ. ಎಂಜಿನ್ ಬಂದ್ ಇರುವಾಗ 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ; 12.2ಕ್ಕೆ ಬಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಇಸಿಎಂ ಸರಿಯಾಗಿ ಏಳುವುದೇ ಇಲ್ಲ, ದೋಷದ ಕೋಡು ಓದುವ ಸ್ಕ್ಯಾನರ್‌ನಲ್ಲಿ ಇಲ್ಲದ ರೋಗವೆಲ್ಲ ಕಾಣಿಸುತ್ತದೆ. ಆಮೇಲೆ ಫ್ಯೂಸುಗಳು. ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಎಷ್ಟೋ ಸಲ ಬ್ಯಾಟರಿಯ ಬಳಿಯ ದೊಡ್ಡ ಮೈನ್ ಫ್ಯೂಸ್ ಸುಟ್ಟು ತಾನು ಸತ್ತು ಇಸಿಎಂ ಅನ್ನು ಉಳಿಸಿರುತ್ತದೆ. ಆ ಫ್ಯೂಸು ನೋಡದೆ ಇಸಿಎಂ ಬಿಚ್ಚಬಾರದು. ಮೈನ್ ರಿಲೇಯನ್ನೂ ಅದೇ ನಂಬರಿನ ಇನ್ನೊಂದು ರಿಲೇಯೊಂದಿಗೆ ಬದಲಿಸಿ ನೋಡಿ.

ಅರ್ತಿಂಗ್ ಪರೀಕ್ಷೆಗೆ ಬರೀ ಕಣ್ಣು ಸಾಲದು. ಮೀಟರನ್ನು ವೋಲ್ಟ್‌ಗೆ ಇಟ್ಟು ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ದಪ್ಪ ಅರ್ತಿಂಗ್ ಕೇಬಲ್ಲೇ ಕೆಟ್ಟಿದೆ. ಇಗ್ನಿಷನ್ ಆನ್ ಇರುವಾಗ ಇಸಿಎಂನ ಅರ್ತಿಂಗ್ ವೈರಿನಲ್ಲಿ 0.1 ವೋಲ್ಟ್ ಕೂಡ ಇರಬಾರದು. ಇಲ್ಲಿ ಒಂದು ಎಚ್ಚರಿಕೆ: ಬಲ್ಬಿನ ಹಳೆಯ ಟೆಸ್ಟ್ ಲ್ಯಾಂಪ್ ಅನ್ನು ಇಸಿಎಂ ಪಿನ್ನಿಗೆ ಎಂದಿಗೂ ಮುಟ್ಟಿಸಬೇಡಿ. ಅದು ಎಳೆಯುವ ಕರೆಂಟು ಒಳಗಿನ ಸಣ್ಣ ಸರ್ಕ್ಯೂಟಿಗೆ ತಾಳುವಂಥದ್ದಲ್ಲ. ಡಿಜಿಟಲ್ ಮೀಟರೇ ಬೇಕು. ಅದರ ದಪ್ಪ ಕಡ್ಡಿಯನ್ನೂ ಕನೆಕ್ಟರಿನ ತೂತಿಗೆ ತುರುಕಬಾರದು, ಒಳಗಿನ ಹಿಡಿತ ಅಗಲವಾಗಿ ಹೊಸ ರೋಗ ಶುರುವಾಗುತ್ತದೆ.

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹೊತ್ತಲೇಬೇಕು. ಹೊತ್ತದೆ ಇದ್ದು, ಸ್ಕ್ಯಾನರ್ ಕೂಡ ಇಸಿಎಂ ಜತೆ ಮಾತಾಡದಿದ್ದರೆ ಸಾಮಾನ್ಯವಾಗಿ ಎರಡು ಅರ್ಥ: ಒಂದೋ ಅದಕ್ಕೆ ಕರೆಂಟು ಹೋಗುತ್ತಿಲ್ಲ, ಇಲ್ಲವೋ ಅದು ಸತ್ತಿದೆ. ಬಹುಪಾಲು ಮೊದಲನೆಯದೇ. ಇನ್ನೊಂದು ಮೋಸ ಸೆನ್ಸರ್‌ಗಳದ್ದು. ಇಸಿಎಂ ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟಿನ ಸಾಲಿನಿಂದ ಕರೆಂಟು ಕೊಡುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ, ಇಲಿ ಕಡಿದ ವೈರು ಬಾಡಿಗೆ ತಾಗಿದರೂ ಇಡೀ ಸಾಲು ಕುಸಿದು ಎಂಜಿನ್ ಸತ್ತಂತೆ ಬಿದ್ದಿರುತ್ತದೆ. ಕೀ ಬಂದ್ ಮಾಡಿ ಒಂದು ಸೆನ್ಸರ್ ಬಿಚ್ಚಿ, ಮತ್ತೆ ಆನ್ ಮಾಡಿ 5 ವೋಲ್ಟ್ ಮರಳಿತೇ ನೋಡಬೇಕು. ಹೀಗೆ ಒಂದೊಂದಾಗಿ. ಬೇಜಾರಿನ ಕೆಲಸ ಹೌದು, ಆದರೆ ಸಾವಿರ ರೂಪಾಯಿಯ ಸೆನ್ಸರ್ ಮತ್ತು ಹತ್ತಾರು ಸಾವಿರದ ಇಸಿಎಂ ನಡುವಿನ ವ್ಯತ್ಯಾಸ ಇಲ್ಲೇ ತೀರ್ಮಾನವಾಗುತ್ತದೆ.

ಸ್ಟೇರಿಂಗಿನ ಅಡಿಯ 16 ಪಿನ್ನಿನ ಒಬಿಡಿ ಸಾಕೆಟ್ಟೂ ಒಂದು ಸುಳಿವು ಕೊಡುತ್ತದೆ. ಅದರ 16ನೇ ಪಿನ್ ಬ್ಯಾಟರಿಯ ಪ್ಲಸ್. 4 ಮತ್ತು 5 ಅರ್ತಿಂಗ್. ಈಚಿನ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಮಾಡ್ಯೂಲುಗಳು ಮಾತಾಡಿಕೊಳ್ಳುವ ಸಾಲು ಎಲ್ಲೋ ಕಡಿದಿದೆ, ಸೊನ್ನೆಗೆ ಹತ್ತಿರ ಬಂದರೆ ಎಲ್ಲೋ ಕೂಡಿಕೊಂಡಿದೆ. ಸ್ಕ್ಯಾನರ್ ತೋರಿಸುವ ಕೋಡುಗಳಲ್ಲಿ ಪಿ 0601, ಪಿ 0606 ಇಸಿಎಂನ ಒಳಗಿನ ದೋಷವನ್ನು ಹೇಳುತ್ತವೆ. ಯು 0100 ಎಂದರೆ ಇಸಿಎಂ ಉತ್ತರ ಕೊಡುತ್ತಿಲ್ಲ ಎಂದಷ್ಟೇ. ಅದನ್ನು ನೋಡಿದ ಕೂಡಲೇ ಹೊಸದನ್ನು ತರಿಸುವವರಿದ್ದಾರೆ. ತಡೆಯಿರಿ.

ಹೊಸದು, ಹಳೆಯದು, ರಿಪೇರಿ

ಎಲ್ಲ ನೋಡಿಯೂ ಸತ್ತಿರುವುದು ಇಸಿಎಂ ಎಂದೇ ಖಚಿತವಾದರೆ ದಾರಿ ಮೂರು. ಕಂಪನಿಯಿಂದ ಹೊಸದು ತರಿಸುವುದು ನಿಶ್ಚಿಂತೆಯದು, ದುಬಾರಿಯದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಗಾಡಿಯಿಂದ ತೆಗೆದದ್ದನ್ನು ಹುಡುಕುವುದು ಎರಡನೆಯದು. ಇದ್ದದ್ದನ್ನೇ ಬಿಚ್ಚಿ ಬೋರ್ಡು ರಿಪೇರಿ ಮಾಡಿಸುವುದು ಮೂರನೆಯದು. ನೀರು ಹೋಗಿ ಪಿನ್ನು ಕಿಲುಬು ಹಿಡಿದದ್ದು, ಇಂಜೆಕ್ಟರ್ ಅಥವಾ ಕಾಯಿಲ್ ಓಡಿಸುವ ಒಂದು ಚಿಪ್ ಸುಟ್ಟದ್ದು ಇಂಥವನ್ನು ಒಳ್ಳೆಯ ಕೈ ಇರುವವರು ಸರಿ ಮಾಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ರಿಪೇರಿಯನ್ನೇ ಪ್ರಯತ್ನಿಸಿ. ನಿಮ್ಮದೇ ಡಬ್ಬಿ ಮರಳಿ ಬಂದರೆ ಕೀ, ಚಾಸಿ ನಂಬರ್, ಸಾಫ್ಟ್‌ವೇರ್ ಎಲ್ಲ ಇದ್ದ ಹಾಗೇ ಇರುತ್ತವೆ.

ಹಳೆಯದನ್ನು ಕೊಳ್ಳುವವರು ಕಾರಿನ ಹೆಸರು ನೋಡಿ ಮೋಸ ಹೋಗಬೇಡಿ. ಒಂದೇ ಮಾಡೆಲ್‌ನಲ್ಲಿ ಮ್ಯಾನ್ಯುವಲ್ಲಿಗೆ ಒಂದು, ಆಟೊಮ್ಯಾಟಿಕ್‌ಗೆ ಇನ್ನೊಂದು, ಬಿಎಸ್ 4ಕ್ಕೆ ಬೇರೆ, ಬಿಎಸ್ 6ಕ್ಕೆ ಬೇರೆ ಇರುತ್ತದೆ. ಡಬ್ಬಿಯ ಮೇಲಿನ ಲೇಬಲ್‌ನಲ್ಲಿರುವ ಪಾರ್ಟ್ ನಂಬರ್, ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್ ಮೂರೂ ಕೊನೆಯ ಅಂಕಿಯವರೆಗೆ ಹೊಂದಬೇಕು. ಬಿಲ್ಲಿಲ್ಲದೆ ಕೊಳ್ಳಬೇಡಿ, ಕದ್ದ ಕಾರಿನದ್ದಾಗಿದ್ದರೆ ನಾಳೆ ಉತ್ತರ ಕೊಡಬೇಕಾದವರು ನೀವು. ಅಷ್ಟಾದರೂ ಅದನ್ನು ಸಿಕ್ಕಿಸಿದ ಕೂಡಲೇ ಕಾರು ಓಡುವುದಿಲ್ಲ. ಕೀಯ ಒಳಗಿನ ಚಿಪ್ಪಿನ ಗುರುತು ಕಳ್ಳತನ ತಡೆಯುವ ಇಮೊಬಿಲೈಸರ್‌ಗೆ ಸಿಗದಿದ್ದರೆ ಎಂಜಿನ್ ಸ್ಟಾರ್ಟ್ ಆಗಿ ಎರಡೇ ಸೆಕೆಂಡಿನಲ್ಲಿ ನಿಲ್ಲುತ್ತದೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ. ಹಳೆಯ ಇಸಿಎಂನ ಮಾಹಿತಿಯನ್ನು ಹೊಸದಕ್ಕೆ ನಕಲು ಮಾಡಬೇಕು, ಅಥವಾ ಕಂಪನಿಯ ಉಪಕರಣದಿಂದ ಎಲ್ಲ ಕೀಗಳನ್ನೂ ಮತ್ತೆ ಕಲಿಸಬೇಕು. ಮನೆಯ ಎರಡನೇ ಕೀ ಬೆಂಗಳೂರಿನ ಮಗನ ಬಳಿ ಇದ್ದರೆ ಮೊದಲೇ ತರಿಸಿಕೊಳ್ಳಿ.

ಡೀಸೆಲ್ ಕಾರುಗಳಲ್ಲಿ ಇನ್ನೂ ಒಂದು ಹೆಜ್ಜೆ ಇದೆ, ಇದನ್ನು ಮರೆಯುವವರೇ ಹೆಚ್ಚು. ಕಾಮನ್ ರೈಲ್ ಇಂಜೆಕ್ಟರ್‌ನ ತಲೆಯ ಮೇಲೆ ಅಕ್ಷರ, ಅಂಕಿ ಬೆರೆತ ಒಂದು ಕೋಡ್ ಕೆತ್ತಿರುತ್ತದೆ. ಸ್ವಿಫ್ಟ್, ವಿಸ್ಟಾ, ಲಿನಿಯಾ ಕಾರುಗಳಲ್ಲಿ ಬಂದ 1.3 ಲೀಟರಿನ ಡೀಸೆಲ್ ಎಂಜಿನ್ ಇನ್ನೂ ನಮ್ಮ ರಸ್ತೆಯಲ್ಲಿ ಬೇಕಾದಷ್ಟಿವೆ, ಅವುಗಳಲ್ಲೂ ಹೀಗೇ. ಯಾವ ಸಿಲಿಂಡರಿನಲ್ಲಿ ಯಾವ ಕೋಡಿನ ಇಂಜೆಕ್ಟರ್ ಇದೆ ಎಂದು ಹೊಸ ಇಸಿಎಂಗೆ ತಿಳಿಸದಿದ್ದರೆ ಎಂಜಿನ್ ಒರಟಾಗಿ ಓಡುತ್ತದೆ, ಹೊಗೆ ಕಾರುತ್ತದೆ. ಬಿಎಸ್ 6 ಡೀಸೆಲ್ ಆದರೆ ಹೊಗೆ ಸೋಸುವ ಡಿಪಿಎಫ್‌ನಲ್ಲಿ ಎಷ್ಟು ಮಸಿ ತುಂಬಿದೆ ಎಂಬ ಲೆಕ್ಕವನ್ನೂ ದಾಟಿಸಬೇಕು. ಈ ಅವಕಾಶದಲ್ಲಿ ಡಿಪಿಎಫ್ ತೆಗೆಸಿ ಸಾಫ್ಟ್‌ವೇರ್ ತಿದ್ದಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ನಮ್ಮದೇ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ.

ಬಿಚ್ಚುವ ಕ್ರಮ

ಮಳೆ ಸುರಿಯುವಾಗ ಅಂಗಳದಲ್ಲಿ ಈ ಕೆಲಸ ಬೇಡ. ಒಣ ನೆಲ, ಮೇಲೆ ಮಾಡು, ಒಳ್ಳೆಯ ಬೆಳಕು, ಇವಿಷ್ಟು ಬೇಕು. ಕೈ ಒಣಗಿರಲಿ, ಉಂಗುರ, ಕೈಗಡಿಯಾರ, ಬ್ರೇಸ್‌ಲೆಟ್ ತೆಗೆದಿಡಿ. ಬ್ಯಾಟರಿಯ ಪ್ಲಸ್‌ಗೂ ಬಾಡಿಗೂ ನಡುವೆ ಚಿನ್ನದ ಉಂಗುರ ಸಿಕ್ಕಿಕೊಂಡರೆ ಬೆರಳು ಸುಟ್ಟುಹೋಗುತ್ತದೆ.

ಬ್ಯಾಟರಿ ಬಿಚ್ಚುವ ಮೊದಲು ಸ್ಕ್ಯಾನರ್ ಮಾತಾಡುತ್ತಿದ್ದರೆ ಇರುವ ಕೋಡುಗಳನ್ನೆಲ್ಲ ಬರೆದುಕೊಳ್ಳಿ. ಬ್ಯಾಟರಿ ಬಿಚ್ಚಿದರೆ ಕೆಲವು ಅಳಿಸಿ ಹೋಗುತ್ತವೆ. ಸಾಧ್ಯವಿದ್ದರೆ ಇಸಿಎಂನ ಮಾಹಿತಿಯ ಪ್ರತಿಯನ್ನೂ ತೆಗೆಸಿಡಿ. ಹಳೆಯ ಸ್ಟೀರಿಯೊಗೆ ಕೋಡ್ ಇದ್ದರೆ ಅದು ಕೈಯಲ್ಲಿರಲಿ. ಒಂದು ಕಿಟಕಿ ಇಳಿಸಿಡಿ, ಡಿಕ್ಕಿಯನ್ನೂ ತೆರೆದಿಡಿ. ಕರೆಂಟು ಹೋದ ಮೇಲೆ ಸೆಂಟ್ರಲ್ ಲಾಕ್ ಬಿದ್ದು ಕೀ ಒಳಗೇ ಉಳಿದರೆ ಫಜೀತಿ.

ಇಗ್ನಿಷನ್ ಬಂದ್ ಮಾಡಿ ಕೀ ತೆಗೆಯಿರಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ಮನೆಯೊಳಗೆ, ದೂರದಲ್ಲಿ ಇಡಿ. ಬಾಗಿಲು ಮುಚ್ಚಿ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಡಿ. ಕೀ ತೆಗೆದ ಕೂಡಲೇ ಇಸಿಎಂ ಮಲಗುವುದಿಲ್ಲ. ಅದು ಕಲಿತದ್ದನ್ನು ನೆನಪಿಗೆ ಬರೆದುಕೊಳ್ಳುತ್ತದೆ, ಥ್ರಾಟಲ್ ಅನ್ನು ಸ್ವಸ್ಥಾನಕ್ಕೆ ತರುತ್ತದೆ, ಆಮೇಲೆ ಮೈನ್ ರಿಲೇ ಟಕ್ ಎಂದು ಬೀಳುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿ ಕಿತ್ತರೆ ಬರವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ಕಪ್ ಚಹಾ ಕುಡಿದು ಬರುವಷ್ಟು ಹೊತ್ತು ಅಷ್ಟೇ, ಅವಸರ ಬೇಡ.

ಈಗ ಬ್ಯಾಟರಿಯ ಮೈನಸ್. ಯಾವಾಗಲೂ ಮೈನಸ್ ಮೊದಲು. ಕಾರಿನ ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್, ಸ್ಪ್ಯಾನರೇ ಕೆಂಪಗೆ ಕಾಯುತ್ತದೆ. ಮೈನಸ್ ಮೊದಲು ಬಿಚ್ಚಿದ್ದರೆ ಆ ಭಯ ಇಲ್ಲ. ಹೆಚ್ಚಿನ ಕಾರುಗಳಿಗೆ 10 ಎಂಎಂ ಸ್ಪ್ಯಾನರ್ ಸಾಕು. ಹೊಸ ಕಾರುಗಳ ಮೈನಸ್ ಟರ್ಮಿನಲ್‌ನಲ್ಲಿ ಕರೆಂಟು ಅಳೆಯುವ ಸೆನ್ಸರ್ ಅಂಟಿಕೊಂಡಿರುತ್ತದೆ. ಟರ್ಮಿನಲ್ ಬಿಗಿಯಾಗಿದೆ ಎಂದು ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅದು ಒಡೆಯುತ್ತದೆ. ಬಿಚ್ಚಿದ ವೈರಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿಡಿ, ತಾನಾಗಿ ಹಿಂದೆ ಹೋಗಿ ತಾಗಬಾರದು. ಕೆಲವು ಮಾರುತಿ ಸ್ಮಾರ್ಟ್ ಹೈಬ್ರಿಡ್ ಕಾರುಗಳಲ್ಲಿ ಮುಂದಿನ ಸೀಟಿನ ಅಡಿಯಲ್ಲಿ ಇನ್ನೊಂದು ಲಿಥಿಯಂ ಬ್ಯಾಟರಿ ಇದೆ. ಬಾನೆಟ್ಟಿನೊಳಗಿನದನ್ನು ಬಿಚ್ಚಿದರೂ ಕರೆಂಟು ಪೂರ್ತಿ ಹೋಗಿರುವುದಿಲ್ಲ. ಪೂರ್ಣ ಹೈಬ್ರಿಡ್ ಅಥವಾ ವಿದ್ಯುತ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಜೀವ ತೆಗೆಯುವ ವೋಲ್ಟೇಜ್, ತರಬೇತಿ ಪಡೆದವರ ಕೆಲಸ.

ಮೈನಸ್ ಬಿಚ್ಚಿದ ಮೇಲೆ ಇನ್ನೂ ಐದು ನಿಮಿಷ ಬಿಡಿ. ಇಸಿಎಂ ಡ್ಯಾಶ್‌ಬೋರ್ಡಿನ ಅಡಿ ಇದ್ದರೆ ಇದು ಇನ್ನೂ ಮುಖ್ಯ, ಅಲ್ಲಿ ಹಳದಿ ಬಣ್ಣದ ಏರ್‌ಬ್ಯಾಗ್ ವೈರುಗಳು ಹಾಯುತ್ತವೆ. ಬ್ಯಾಟರಿ ಇಲ್ಲದೆಯೂ ಏರ್‌ಬ್ಯಾಗ್ ಮಾಡ್ಯೂಲಿನೊಳಗೆ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಹಳದಿಯದನ್ನು ಮುಟ್ಟುವುದೇ ಬೇಡ. ಕೆಲವು ಕಾರುಗಳಲ್ಲಿ ಇಸಿಎಂ ಬ್ಯಾಟರಿಯ ಪಕ್ಕ, ಕೆಲವುಗಳಲ್ಲಿ ಬಾನೆಟ್ಟಿನೊಳಗೆ ಹಿಂಬದಿಯ ಗೋಡೆಗೆ, ಇನ್ನು ಕೆಲವುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಎಲ್ಲಿದ್ದರೂ ಕೈ ಹಾಕುವ ಮೊದಲು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ.

ಹೆಚ್ಚಿನ ಹಾನಿ ಆಗುವುದು ಕನೆಕ್ಟರ್ ಬಿಚ್ಚುವಾಗ. ಅದಕ್ಕೊಂದು ಲಿವರ್ ಇರುತ್ತದೆ, ಲಿವರಿಗೊಂದು ಸಣ್ಣ ಬೀಗ. ಬೀಗ ಒತ್ತಿ ಲಿವರನ್ನು ಪೂರ್ತಿ ತಿರುಗಿಸಿದರೆ ಕನೆಕ್ಟರ್ ತಾನೇ ಎದ್ದು ಬರುತ್ತದೆ. ಬರದಿದ್ದರೆ ಬೀಗ ಇನ್ನೂ ಬಿಟ್ಟಿಲ್ಲ ಎಂದು ತಿಳಿಯಿರಿ. ವೈರು ಹಿಡಿದು ಎಳೆಯಬಾರದು. ನಮ್ಮ ಹವೆಯ ತೇವಕ್ಕೆ ಮೈಯಲ್ಲಿ ಸ್ಥಾಯಿ ವಿದ್ಯುತ್ ಸಂಗ್ರಹವಾಗುವುದು ಬಯಲುಸೀಮೆಗಿಂತ ಕಡಿಮೆ, ಆದರೂ ಕೈ ಹಾಕುವ ಮೊದಲು ಕಾರಿನ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಿ. ಇಸಿಎಂ ಪಿನ್ನುಗಳನ್ನು ಬೆರಳಿನಿಂದ ಮುಟ್ಟಬೇಡಿ.

ಕನೆಕ್ಟರ್ ಬಿಚ್ಚಿದಾಗ ಟಾರ್ಚ್ ಹಾಕಿ ಒಳಗೆ ನೋಡಿ. ಹಸಿರು ಪುಡಿ, ಬಾಗಿದ ಪಿನ್, ನೀರಿನ ಹನಿ ಕಂಡರೆ ರೋಗ ಸಿಕ್ಕಿದ ಹಾಗೆ. ನೀರು ಮೇಲಿನಿಂದಲೇ ಬರಬೇಕೆಂದಿಲ್ಲ. ಎಲ್ಲೋ ಕೆಳಗೆ ಇಲಿ ಕಡಿದ ಜಾಗದಲ್ಲಿ ಹೊಕ್ಕ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ವೈರಿನ ಎಳೆಗಳ ನಡುವೆ ಏರುತ್ತ ಇಸಿಎಂವರೆಗೆ ಬರುತ್ತದೆ. ಆ ಗಾಯ ಹುಡುಕದೆ ಹೊಸ ಇಸಿಎಂ ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದೂ ಹೋಗುತ್ತದೆ. ಕಿಲುಬು ತೆಗೆಯಲು ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಿ. ಉಪ್ಪುಕಾಗದ ಬೇಡ, ಪೆಟ್ರೋಲ್ ಬೇಡ, ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಬಿಚ್ಚಿದ ಇಸಿಎಂ ಅನ್ನು ಶೆಡ್ಡಿನ ಒದ್ದೆ ನೆಲದಲ್ಲಿ ಇಡದೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿಡಿ. ಬೆಂಗಳೂರಿಗೆ ಕೊರಿಯರ್ ಮಾಡುವುದಾದರೆ ಲೇಬಲ್ಲಿನ ಫೋಟೋ ಇಟ್ಟುಕೊಂಡೇ ಕಳಿಸಿ.

ಕೂರಿಸುವಾಗ

ಹೊಸದನ್ನು ಕೂರಿಸುವಾಗ ಹಳೆಯದು ಇದ್ದ ಜಾಗದಲ್ಲೇ, ಅದೇ ಬೋಲ್ಟುಗಳಿಂದ ಕೂರಿಸಿ. ಕೆಲವು ಡಬ್ಬಿಗಳು ಆ ಬೋಲ್ಟಿನ ಮೂಲಕವೇ ಅರ್ತಿಂಗ್ ಪಡೆಯುತ್ತವೆ. ಡಬ್ಬಿಯ ಮೇಲೆ ಒಂದು ಸಣ್ಣ ಉಸಿರಾಟದ ರಂಧ್ರ ಇರಬಹುದು, ನೀರು ಹೋಗದಿರಲೆಂದು ಅದಕ್ಕೆ ಸಿಲಿಕಾನ್ ಮೆತ್ತಬೇಡಿ. ಒಳಗಿನ ತೇವ ಹೊರಗೆ ಹೋಗಲು ಇರುವ ದಾರಿ ಅದು. ಕನೆಕ್ಟರ್ ಲಿವರ್ ಕಟ್ ಎಂದು ಬೀಳುವವರೆಗೆ ಒತ್ತಿ. ಎಲ್ಲ ಸೇರಿದ ಮೇಲೆ ಬ್ಯಾಟರಿ, ಪ್ಲಸ್ ಬಿಚ್ಚಿದ್ದರೆ ಅದು ಮೊದಲು, ಮೈನಸ್ ಕೊನೆಗೆ. ಟರ್ಮಿನಲ್ ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ಉಪ್ಪುಗಾಳಿಗೆ ತಡೆಯುತ್ತದೆ.

ಪ್ರೋಗ್ರಾಮಿಂಗ್ ಬೇಕಾದರೆ ಅದನ್ನು ಉಪಕರಣ ಇರುವವರಿಗೆ ಬಿಡಿ, ಆದರೆ ಒಂದನ್ನು ನೀವೇ ಕೇಳಿ: ಬ್ಯಾಟರಿಗೆ ಸಪೋರ್ಟ್ ಚಾರ್ಜರ್ ಹಾಕಿದ್ದೀರಾ? ಬರೆಯುವ ಕೆಲಸ ನಡೆಯುವಾಗ ವೋಲ್ಟೇಜ್ ಇಳಿದರೆ, ಲ್ಯಾಪ್‌ಟಾಪ್ ಆರಿದರೆ, ಹೊಸ ಇಸಿಎಂ ಕಲ್ಲಾಗುತ್ತದೆ. ಗಾಳಿಮಳೆಗೆ ತೆಂಗಿನ ಗರಿ ಬಿದ್ದು ಕರೆಂಟು ಹೋಗುವ ದಿನಗಳಲ್ಲಿ ಯುಪಿಎಸ್ ಇಲ್ಲದ ಕಡೆ ಈ ಕೆಲಸ ಮಾಡಿಸಬೇಡಿ. ಒಂದು ಒಣ ದಿನ ಕಾಯುವುದೇ ಲಾಭ.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಇಗ್ನಿಷನ್ ಮಾತ್ರ ಆನ್ ಮಾಡಿ. ಚೆಕ್ ಎಂಜಿನ್ ದೀಪ ಹೊತ್ತಿತೇ, ಪೆಟ್ರೋಲ್ ಕಾರಿನಲ್ಲಿ ಹಿಂದಿನಿಂದ ಪಂಪಿನ ಸಣ್ಣ ಗುಂಯ್ ಸದ್ದು ಕೇಳಿತೇ ಗಮನಿಸಿ. ಸ್ಟಾರ್ಟ್ ಆದ ಮೇಲೆ ಎಸಿ, ದೀಪ ಎಲ್ಲ ಬಂದ್ ಇಟ್ಟು ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಥ್ರಾಟಲ್ ತನ್ನ ಸ್ಥಾನ ಕಲಿಯಲಿ. ಆಮೇಲೆ ಬ್ರಹ್ಮಾವರದಿಂದ ಕುಂದಾಪುರದವರೆಗೆ ಒಮ್ಮೆ ಹೋಗಿ ಬನ್ನಿ. ಹೆದ್ದಾರಿಯ ವೇಗವೂ ಪೇಟೆಯ ನಿಲುಗಡೆಯೂ ಸಿಕ್ಕರೆ ಅದು ಬೇಗ ಹೊಂದಿಕೊಳ್ಳುತ್ತದೆ. ಮರಳಿ ಬಂದು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಕೋಡ್ ಖಾಲಿ ಇದ್ದರೆ ಮಾತ್ರ ಉಳಿದ ದುಡ್ಡು ಕೊಡಿ.

ನೆರೆ ಬಂದಾಗ

2020ರ ಸೆಪ್ಟೆಂಬರ್ 20ರ ಭಾನುವಾರ ಬೆಳಗಾಗುವಾಗ ಉಡುಪಿ, ಬ್ರಹ್ಮಾವರದ ತಗ್ಗು ಪ್ರದೇಶಗಳಲ್ಲಿ ನೀರು ಮನೆಯೊಳಗೆ ನಿಂತಿತ್ತು. 2022ರ ಆಗಸ್ಟ್ ಮೊದಲಲ್ಲಿ ಬೈಂದೂರು ತಾಲೂಕಿನ ಶಿರೂರಿನಲ್ಲಿ ಒಂದೇ ರಾತ್ರಿಯ ಮಳೆಗೆ ಊರೇ ಮುಳುಗಿತು. ನಾವುಂದದ ಸಾಲ್ಬುಡದ ಕಡೆಯವರಿಗೆ ಸೌಪರ್ಣಿಕೆಯ ನೆರೆ ಹೊಸತೇನಲ್ಲ. ಕಾರಿಗೆ ನೀರು ಹೊಕ್ಕಾಗ ನಾವು ಮಾಡುವ ದೊಡ್ಡ ತಪ್ಪು ಒಂದೇ: ಬದುಕಿದೆಯೇ ನೋಡೋಣ ಎಂದು ಕೀ ತಿರುಗಿಸುವುದು. ನೀರಿನಲ್ಲಿ ಮುಳುಗಿದ ಕನೆಕ್ಟರಿಗೆ ಕರೆಂಟು ಹೋದರೆ ಪಿನ್ನುಗಳು ಗಂಟೆಗಳ ಲೆಕ್ಕದಲ್ಲಿ ಕರಗಿ ಹಸಿರಾಗುತ್ತವೆ. ಅಳಿವೆಯ ಹತ್ತಿರದ ನೀರಿನಲ್ಲಿ ಉಪ್ಪು ಇರುವುದರಿಂದ ಇನ್ನೂ ಬೇಗ. ನೀರು ಇಳಿದು, ನಿಮಗೆ ಅಪಾಯವಿಲ್ಲ ಎಂದು ಖಾತ್ರಿಯಾದ ಕೂಡಲೇ ಮೈನಸ್ ಬಿಚ್ಚಿ, ಫೋಟೋ ತೆಗೆದು, ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗಿ. ಸರ್ವೇಯರ್ ಬರುವ ಮೊದಲು ಇಸಿಎಂ ಬಿಚ್ಚಬೇಡಿ. ಸಮಗ್ರ ಪಾಲಿಸಿಯಲ್ಲಿ ನೆರೆ ಮತ್ತು ಸಿಡಿಲಿನ ಹಾನಿ ಸೇರಿದೆ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಕಾರಿಗೆ ಏನೂ ಸಿಗುವುದಿಲ್ಲ. ನೀರಿನಲ್ಲಿ ಸೆಲ್ಫ್ ಹೊಡೆದು ಎಂಜಿನ್ ಹಾಳಾದರೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದೆ ಕ್ಲೇಮ್ ಸಿಗುವುದು ಕಷ್ಟ.

ಇನ್ನೆರಡು ಅಭ್ಯಾಸ ಬಿಡಬೇಕು. ಒಂದು, ಡೈನಮೊ ಚಾರ್ಜ್ ಮಾಡುತ್ತಿದೆಯೇ ನೋಡಲು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕೀಳುವುದು. ಅಂಬಾಸಿಡರ್ ಕಾಲದಲ್ಲಿ ನಡೆಯುತ್ತಿತ್ತು. ಈಗ ಆ ಕ್ಷಣದಲ್ಲಿ ಏಳುವ ವೋಲ್ಟೇಜಿನ ಹೊಡೆತಕ್ಕೆ ಇಸಿಎಂ ಸಾಯಬಹುದು. ಎರಡು, ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿಸುವುದು. ಕರಾವಳಿಯ ಹಳೆಯ ಕಾರುಗಳಿಗೆ ತಳಭಾಗದ ತುಕ್ಕಿಗೆ ತಗಡು ಬೆಸೆಯುವುದು ಸಾಮಾನ್ಯ. ಬೆಸೆಯುವ ಮೊದಲು ಬ್ಯಾಟರಿ ಮೈನಸ್ ಮತ್ತು ಇಸಿಎಂ ಕನೆಕ್ಟರ್ ಎರಡನ್ನೂ ಬಿಚ್ಚಿಸಿ, ವೆಲ್ಡಿಂಗಿನ ಅರ್ತಿಂಗ್ ಕ್ಲಿಪ್ಪನ್ನು ಬೆಸೆಯುವ ಜಾಗದ ಹತ್ತಿರವೇ ಹಾಕಿಸಿ. ಇನ್ನು, ಜಂಪ್ ಕೊಡುವಾಗ ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಮೈನಸ್‌ಗೆ ಹಾಕದೆ ಎಂಜಿನ್ನಿನ ಗಟ್ಟಿ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರ ಹಾಕಿ.

ಊರಿನಲ್ಲಿ ಕಾರು ಬಿಟ್ಟು ಹೋಗುವವರಲ್ಲಿ ನನ್ನದೊಂದು ಕೋರಿಕೆ. ಹೊರಡುವ ಮುನ್ನ ಬ್ಯಾಟರಿಯ ಮೈನಸ್ ಬಿಚ್ಚಿಡಿ. ಬಾನೆಟ್ ತೆರೆದಿರುವಾಗಲೇ ಇಸಿಎಂನ ಲೇಬಲ್, ಡೀಸೆಲ್ ಆದರೆ ಎಲ್ಲ ಇಂಜೆಕ್ಟರ್‌ಗಳ ಕೋಡ್ ಕಾಣುವ ಹಾಗೆ ಫೋಟೋ ತೆಗೆದು, ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಊರಮನೆಯಲ್ಲಿ ಇರುವವರಿಗೆ ಕಳಿಸಿಡಿ. ಕೆಟ್ಟ ದಿನ ಬಂದಾಗ ಮೆಕ್ಯಾನಿಕ್ ಮೊದಲು ಕೇಳುವುದು ಅದನ್ನೇ.